ಬುದ್ಧಿವಂತ ಮನೆಯಲ್ಲಿ ನಮ್ಮ ಅತ್ತೆ

ಸ್ವಿಚ್ಚು ಒತ್ತಿದರೆ ಲೈಟು ಹತ್ತುವ ಮನೆಯಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯುವುದಿಲ್ಲ. ನಮ್ಮದು ಹಾಗಲ್ಲ. ಭಾಂಡುಪಿನ ನಮ್ಮ ಫ್ಲ್ಯಾಟಿನಲ್ಲಿ ಲೈಟಿಗೆ ಬಾಯಲ್ಲಿ ಹೇಳಬೇಕು, ಫ್ಯಾನಿಗೆ ಹೇಳಬೇಕು, ಬಾಗಿಲಿಗೆ ಬೆರಳು ಕೊಡಬೇಕು. ಹಾಗಾಗಿ ವಾರಕ್ಕೊಂದು ಪ್ರಸಂಗ ತಪ್ಪಿದ್ದಲ್ಲ.

ಇದೆಲ್ಲ ನಮ್ಮವರ ಕಾರುಬಾರು. ಅವರು ಮಾಟುಂಗದ ಒಂದು ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂತು ಬಿಲ್ಲಿನ ದುಡ್ಡು ಎಣಿಸುವವರು. ಗಿರಾಕಿ ಕಡಿಮೆಯಾದಾಗ ಫೋನು ತೆಗೆದು ಇಂಥ ಸಾಮಾನು ಹುಡುಕುವುದೇ ಅವರಿಗೆ ವಿಶ್ರಾಂತಿ. ಬೇರೆ ಗಂಡಸರು ಹೆಂಡತಿಗೆ ಸೀರೆ ತರುತ್ತಾರೆ, ಇವರು ಸೆನ್ಸರ್ ತರುತ್ತಾರೆ.

ಆ ಮನೆಗೆ ಚೌತಿಯ ಮರುವಾರ ಅತ್ತೆ ಬಂದರು. ಮದುವೆಯಾಗಿ ಬಂದಂದಿನಿಂದ ಪರೇಲಿನ ಸಾಲುಮನೆಗಳ ಚಾಳಿನ ಒಂದೇ ಖೋಲಿಯಲ್ಲಿ ಸಂಸಾರ ಮಾಡಿದವರು. ಮಂಡಿನೋವು ಜಾಸ್ತಿಯಾಗಿ ಮೂರನೇ ಮಾಳಿಗೆಯ ಮೆಟ್ಟಿಲು ಹತ್ತಲಾಗದೆ ಮಗನ ಮಾತಿಗೆ ಒಪ್ಪಿದ್ದರು. ಒಪ್ಪಿದ್ದು ಪೂರ್ತಿ ಅಲ್ಲ. ಚಪ್ಪಲಿ ಬಿಡುವಾಗಲೇ ಷರತ್ತು ಹಾಕಿದರು: "ದೀಪಾವಳಿವರೆಗೆ ನೋಡುವ. ನನ್ನ ಕೆಲಸ ನನ್ನ ಕೈಯಲ್ಲಿ ಆಗದ ಮನೆಯಲ್ಲಿ ನಾನು ಇರುವವಳಲ್ಲ. ಪರೇಲಿನ ರೂಮು ಹಾಗೇ ಉಂಟು."

ನನಗೆ ಅವರು ಇರಬೇಕಿತ್ತು. ಇವರು ಬೆಳಗಿನ ಮೊದಲ ಲೋಕಲ್ ರೈಲು ಹಿಡಿದು ಹೋದರೆ ಬರುವುದು ರಾತ್ರಿ. ಮಧ್ಯಾಹ್ನದ ಊಟಕ್ಕೆ ಗೋಡೆ ನೋಡುತ್ತ ಕೂರುವುದು ನನಗೆ ಸಾಕಾಗಿ ಹೋಗಿತ್ತು.

ಬಾಗಿಲು

ಮೊದಲ ಪರೀಕ್ಷೆ ಬಾಗಿಲಿನದ್ದು. ಬೀಗ ಕೂರಿಸಿದ ಹುಡುಗ ವಿಜಯಪುರದ ಕಡೆಯವನು. ನಾವು ಮಾತಾಡುವುದು ಕೇಳಿ "ನೀವು ನಮ್ಮ ಕಡೀ ಮಂದಿನ ಆದ್ರಲ್ರೀ" ಎಂದು ಖುಷಿಪಟ್ಟವನು, ಅತ್ತೆಯ ಬೆರಳು ದಾಖಲು ಮಾಡಲು ಕೂತು ಬೆವತುಬಿಟ್ಟ. ಹೆಬ್ಬೆರಳು ಇಟ್ಟರೆ ಕೆಂಪು ದೀಪ, ತೋರುಬೆರಳು ಇಟ್ಟರೆ ಕೆಂಪು ದೀಪ.

"ಅಮ್ಮಾರ, ನಿಮ್ಮ ಬೆರಳಾಗ ಗೆರಿನ ಉಳದಿಲ್ರೀ."

"ಉಳಿಯುವುದು ಹೇಗೆ? ಇಷ್ಟು ವರ್ಷ ಕಾಯಿ ಹೆರೆದದ್ದು, ಅರೆದದ್ದು ಎಲ್ಲ ನಿನ್ನ ಮಷಿನಾ?" ಎಂದರು ಅತ್ತೆ.

ಕೊನೆಗೆ ಹಸಿರು ದೀಪ ಹತ್ತಿದ್ದು ಎಡಗೈಯ ಕಿರುಬೆರಳಿಗೆ ಮಾತ್ರ. ಈಗ ಹೊಸ ತಾಪತ್ರಯ. ತುಂಬಿದ ಮನೆಯ ಬಾಗಿಲನ್ನು ಎಡಗೈಯಲ್ಲಿ ಮುಟ್ಟಿ ತೆಗೆಯುವುದುಂಟೇ? ಅತ್ತೆ ಸಾಧ್ಯವೇ ಇಲ್ಲ ಎಂದರು. ಆಮೇಲೆ ತಾವೇ ಬೀಗವನ್ನೊಮ್ಮೆ ನೋಡಿ, ಬಲಗೈಯಿಂದ ಎಡಗೈಯ ಮಣಿಕಟ್ಟು ಹಿಡಿದು, ತುಸು ಬಗ್ಗಿ, ಕಿರುಬೆರಳು ಇಟ್ಟರು. ಎಡಗೈಯಲ್ಲಿ ಏನಾದರೂ ಕೊಡಬೇಕಾಗಿ ಬಂದಾಗ ಬಲಗೈ ತಾಗಿಸಿ ಕೊಡುತ್ತೇವಲ್ಲ, ಹಾಗೆ. ಬಾಗಿಲು ತೆರೆಯಿತು. ಧರ್ಮಕ್ಕೂ ಚ್ಯುತಿಯಿಲ್ಲ, ಬೀಗಕ್ಕೂ ತಕರಾರಿಲ್ಲ. ಆ ಉಪಾಯಕ್ಕೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಎದುರು ಮನೆಯ ಮರಾಠಿ ಹೆಂಗಸು ಕಾಕು ಇದನ್ನು ನಾಲ್ಕೈದು ದಿನ ನೋಡಿದರು. ಆಮೇಲೆ ಮೆಲ್ಲಗೆ ನನ್ನನ್ನು ಕರೆದು, ನಿಮ್ಮ ಬಾಗಿಲಲ್ಲಿ ಯಾವ ದೇವರನ್ನು ಕೂರಿಸಿದ್ದೀರಿ ಎಂದು ಕೇಳಿದರು. ಬೀಗ ಎಂದರೆ ನಂಬಲಿಲ್ಲ. ಈಗಲೂ ಲಿಫ್ಟಿಗೆ ಹೋಗುವ ಮೊದಲು ನಮ್ಮ ಬಾಗಿಲಿಗೊಂದು ನಮಸ್ಕಾರ ಹಾಕಿಯೇ ಹೋಗುತ್ತಾರೆ.

ಮೂರ್ಸಂಜೆಯ ಕಸ

ತಾನೇ ಓಡಾಡಿ ಕಸ ಗುಡಿಸುವ ದುಂಡನೆಯ ಯಂತ್ರವೊಂದು ನಮ್ಮ ಸೋಫಾದ ಕೆಳಗೆ ವಾಸವಾಗಿದೆ. ತಾವು ಬರುವ ಹೊತ್ತಿಗೆ ಮನೆ ಲಕಲಕ ಅನ್ನಬೇಕೆಂದು ಇವರು ಅದಕ್ಕೆ ಸಂಜೆ ಏಳರ ಸಮಯ ಕೊಟ್ಟಿದ್ದರು. ಅತ್ತೆ ದೇವರಿಗೆ ದೀಪ ಹಚ್ಚಿ ಇತ್ತ ತಿರುಗುತ್ತಾರೆ, ಅದು ಗುಂಯ್ ಎನ್ನುತ್ತ ಹೊರಗೆ ಬಂತು.

"ಮೂರ್ಸಂಜೆ ಹೊತ್ತಿಗೆ ಗುಡಿಸುವುದಾ! ಲಕ್ಷ್ಮಿ ಎದ್ದು ಹೋಗುವುದಿಲ್ಲವಾ?" ಎಂದವರೇ ಅನ್ನ ಬಸಿಯುವ ದೊಡ್ಡ ಪಾತ್ರೆ ತಂದು ಅದರ ಮೇಲೆ ಬೋರಲು ಹಾಕಿದರು. ಅದು ಒಳಗಿಂದಲೇ ಡಣ್ ಡಣ್ ಬಡಿಯುತ್ತ ಪಾತ್ರೆ ಸಮೇತ ಹಾಲ್ ಸುತ್ತಿತು.

ಮನೆಗೆ ಬಂದ ಇವರ ಮುಖ ಸಣ್ಣದಾಯಿತು. ಅತ್ತೆಗೆ ಅದು ತಿಳಿಯದೆ ಇರುತ್ತದೆಯೇ? ಮರುದಿನ ಯಂತ್ರದ ಎದುರು ಸ್ಟೂಲು ಹಾಕಿ ಕೂತು ವಿಚಾರಣೆ ನಡೆಸಿದರು.

"ಇದು ಗುಡಿಸಿದ ಕಸ ಎಲ್ಲಿ ಹೋಗುತ್ತದೆ?"

"ಅದರ ಹೊಟ್ಟೆಯೊಳಗೇ ಇರುತ್ತದೆ ಅತ್ತೆ. ಬೆಳಿಗ್ಗೆ ನಾನು ಖಾಲಿ ಮಾಡುತ್ತೇನೆ."

"ಸಂಜೆ ಹೊಸಿಲು ದಾಟುವುದಿಲ್ಲ ಅಲ್ಲವಾ?"

"ಇಲ್ಲ."

"ಹಾಗಾದರೆ ಗುಡಿಸಲಿ ಬಿಡು. ಲಕ್ಷ್ಮಿ ಎಲ್ಲಿಗೂ ಹೋಗಲಿಲ್ಲ. ಬೆಳಿಗ್ಗೆವರೆಗೆ ಸ್ವಲ್ಪ ಧೂಳಿನಲ್ಲಿ ಕೂರುತ್ತಾಳೆ, ಅಷ್ಟೇ."

ಹೆಸರು ಹೇಳದ ದೀಪ

ನಮ್ಮ ಮಾವನ ಫೋಟೋದ ಮೇಲೊಂದು ಪುಟ್ಟ ದೀಪವಿದೆ. ಅದನ್ನೂ ಮಾತಿನಲ್ಲೇ ಹಚ್ಚಬೇಕು. ಒಂದೊಂದು ದೀಪಕ್ಕೂ ಒಂದೊಂದು ಹೆಸರು ಕೊಡಬೇಕಲ್ಲ, ಇವರು ಪ್ರೀತಿಯಿಂದ ಆ ದೀಪಕ್ಕೆ ಅಪ್ಪನ ಹೆಸರನ್ನೇ ಇಟ್ಟಿದ್ದರು. "ಅಮ್ಮ, ಹೆಸರು ಹೇಳಿ 'ಚಾಲೂ ಕರೋ' ಅಂದರೆ ಆಯಿತು" ಎಂದು ಹೇಳಿಕೊಟ್ಟು ಹೋದರು.

ಅತ್ತೆ ಜನ್ಮದಲ್ಲಿ ಗಂಡನ ಹೆಸರು ಹೇಳಿದವರಲ್ಲ. ರೇಷನ್ ಆಫೀಸಿನಲ್ಲಿ ಕೇಳಿದಾಗ ಪಕ್ಕದ ಖೋಲಿಯವರನ್ನು ಮುಂದೆ ಬಿಟ್ಟು ಹೇಳಿಸಿದವರು. ಸಂಜೆ, ನಮ್ಮ ಮಾತು ಕೇಳಿ ದೀಪ ಹಚ್ಚುವ ಯಂತ್ರದ ಮುಂದೆ ನಿಂತು ಅವರು ಪಟ್ಟ ಪಾಡು ನೋಡಬೇಕಿತ್ತು. ಅದಕ್ಕೆ ಬರುವುದು ಹಿಂದಿ. ಅತ್ತೆಯದ್ದು ಪರೇಲಿನ ಮಾರ್ಕೆಟ್ಟಿನಲ್ಲಿ ಕಲಿತ ಹಿಂದಿ. ಮೊದಲು, ಮನೆ ಯಜಮಾನರ ಲೈಟು ಎನ್ನಲು, "ಘರ್ ಕೆ ಮಾಲಿಕ್ ಕಾ ಲೈಟ್" ಎಂದರು. ಆಗಲಿಲ್ಲ. ಫೋಟೋದತ್ತ ಕೈ ತೋರಿಸಿ "ವೋ ಫೋಟೋ ಮೇ ಹೈ ನಾ, ಉನ್ಕಾ" ಎಂದರು. ಆಗಲಿಲ್ಲ. ಕೊನೆಗೆ ಚಾಳಿನಲ್ಲಿ ಕರೆಯುತ್ತಿದ್ದ ಹಾಗೆ, ಮಗನ ಮುದ್ದಿನ ಹೆಸರು ಸೇರಿಸಿ, "ಬಾಬು ಕೆ ಪಪ್ಪಾ" ಎಂದರು.

ಯಂತ್ರದೊಳಗಿನ ಹೆಣ್ಣುಧ್ವನಿ, ನೀವು ಹೇಳಿದ್ದು ಈ ದೀಪವೇ ಎಂದು ಕೇಳುತ್ತ ಮಾವನ ಹೆಸರನ್ನು ಗಟ್ಟಿಯಾಗಿ ಉಚ್ಚರಿಸಿಬಿಟ್ಟಿತು. ಹಿಂದೆ ಮುಂದೆ ಏನೂ ಇಲ್ಲ, ಬರೀ ಹೆಸರು.

ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು. "ಎಷ್ಟು ಸಲೀಸಾಗಿ ಕರೆಯುತ್ತಾಳೆ! ಯಾರಿವಳು?"

ನಾನು ನಗು ತಡೆದುಕೊಂಡು ಫೋನು ತೆಗೆದು ದೀಪದ ಹೆಸರನ್ನೇ 'ಬಾಬು ಕೆ ಪಪ್ಪಾ' ಎಂದು ಬದಲಾಯಿಸಿದೆ. ಅತ್ತೆ ಸೆರಗು ಸರಿಮಾಡಿಕೊಂಡು ಮತ್ತೊಮ್ಮೆ ಕರೆದರು. ಫೋಟೋದ ಮೇಲೆ ಬೆಳಕು ಬಿತ್ತು. ಅವರ ಮುಖ ಎಷ್ಟು ಚಂದವಾಯಿತು! ನಾನು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅತ್ತೆ ಅಂದರು:

"ಬದುಕಿದ್ದಾಗ ಒಂದು ದಿನವಾದರೂ ಒಂದೇ ಕೂಗಿಗೆ ಎದ್ದವರಾ ಇವರು!"

ಬ್ಯಾಡಗಿ

ಎಲ್ಲ ಸರಿಹೋಯಿತು ಎಂದುಕೊಂಡಿದ್ದೆ. ದೀಪಾವಳಿಗೆ ಇನ್ನೇನು ವಾರವಿದೆ ಎನ್ನುವಾಗ ಅತ್ತೆ ಬಂಗುಡೆ ಸಾರಿಗೆಂದು ಬ್ಯಾಡಗಿ ಮೆಣಸು ಹುರಿಯಲು ಇಟ್ಟರು. ಅಡುಗೆಮನೆಯ ಸೂರಿನಲ್ಲಿ ಹೊಗೆ ಕಂಡುಹಿಡಿಯುವ ಡಬ್ಬಿಯೊಂದಿದೆ ಎಂಬುದು ನಮಗಿಬ್ಬರಿಗೂ ಮರೆತೇ ಹೋಗಿತ್ತು. ಅದು ಬಾಯಿಬಡಿದುಕೊಳ್ಳತೊಡಗಿತು. ಸುಮ್ಮನೆ ಬಡಿದುಕೊಂಡಿದ್ದರೆ ಅಡ್ಡಿಯಿಲ್ಲ, ಮಾಟುಂಗದಲ್ಲಿದ್ದ ಇವರ ಫೋನಿಗೂ ಚಾಡಿ ಹೇಳಿತು. ಇವರು ಗಾಬರಿಯಲ್ಲಿ ಬಿಲ್ಡಿಂಗಿನ ವಾಚ್‌ಮನ್‌ಗೆ ಫೋನು ಮಾಡಿ, ಆಮೇಲೆ ನನಗೆ ಮಾಡಿದರು.

"ಬೆಂಕಿ ಬೆಂಕಿ! ಅಮ್ಮನನ್ನು ಹೊರಗೆ ಕರೆದುಕೊಂಡು ಬಾ!"

"ಬೆಂಕಿ ಅಲ್ಲ ಮಾರಾಯ್ರೆ, ಬ್ಯಾಡಗಿ!"

ಅಷ್ಟರಲ್ಲಿ ಇಬ್ಬರು ವಾಚ್‌ಮನ್‌ಗಳು ಮರಳಿನ ಬಕೆಟ್ ಹಿಡಿದು, ಹೊಗೆ ಹೋಗಲೆಂದು ನಾನು ತೆರೆದಿಟ್ಟ ಬಾಗಿಲಿನಿಂದ ಒಳಗೆ ನುಗ್ಗಿದ್ದರು. ಹಿಂದೆ ಇಡೀ ಮಾಳಿಗೆಯೇ ಸೇರಿತ್ತು. ಘಾಟಿಗೆ ಎಲ್ಲರೂ ಕೆಮ್ಮಿ, ಸೀನಿ, ಕಣ್ಣೀರು ಸುರಿಸಿದರು. ಕಿರಿಯ ವಾಚ್‌ಮನ್ ಬಕೆಟ್ ಕೆಳಗಿಟ್ಟು, ಮೂಗು ಒರೆಸಿಕೊಂಡು, ಇಷ್ಟು ಒಳ್ಳೆಯ ವಾಸನೆ ಯಾವುದರದ್ದು ಎಂದು ವಿಚಾರಿಸಿ, ಕೆಳಗೆ ಹೋಗಿ ತನ್ನ ಟಿಫಿನ್ ಡಬ್ಬಿ ತೆಗೆದುಕೊಂಡೇ ಬಂದ.

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ಸಾರು ಬೆಂದ ಮೇಲೆ ಅವನ ಡಬ್ಬಿ ತುಂಬಿಸಿ ಕಳುಹಿಸಿ, ಒಲೆ ಆರಿಸಿ ಅಂದರು: "ಚಾಳಿನಲ್ಲಿ ಅಷ್ಟೂ ಮನೆಯವರು ಒಟ್ಟಿಗೆ ಮೆಣಸು ಹುರಿದದ್ದುಂಟು. ಒಬ್ಬನೂ ಬಕೆಟ್ ಹಿಡಿದು ಬರಲಿಲ್ಲ. ಮೆಣಸು ಹುರಿಯಲಿಕ್ಕೂ ಆಗದ ಮನೆ ನನಗೆ ಬೇಡ. ಆದಿತ್ಯವಾರ ನನ್ನನ್ನು ಪರೇಲಿಗೆ ಬಿಟ್ಟು ಬನ್ನಿ."

ರಾತ್ರಿ ಇವರು ಬಂದಾಗ ಆ ಮಾತನ್ನು ಹಾಗೇ ಹೇಳಿದೆ.

ಮನೆಯಲ್ಲಿ ಯಾರೂ ಇಲ್ಲ

ಇವರು ತಾಯಿಯ ಮುಂದೆ ಹೆಚ್ಚು ಮಾತಾಡುವವರಲ್ಲ. ಮರುದಿನ ಚಾ ಕುಡಿಯುವಾಗ, "ಅಮ್ಮ, ನೀನು ಹೋಗುವುದು ಬೇಡ. ಈ ಸಾಮಾನೇ ಹೋಗಲಿ. ಬೀಗದ ಹುಡುಗನಿಗೆ ಬರಲಿಕ್ಕೆ ಹೇಳಿದ್ದೇನೆ, ಎಲ್ಲ ಬಿಚ್ಚಿ ತೆಗೆದುಕೊಂಡು ಹೋಗುತ್ತಾನೆ" ಎಂದರು. ಕೂಡಿಸಿ ಕೂಡಿಸಿ ಕಟ್ಟಿದ ಮನೆ ಅದು. ಆದರೂ ಒಂದು ನಿಟ್ಟುಸಿರೂ ಬಿಡದೆ ಹೇಳಿ ಚಪ್ಪಲಿ ಹಾಕಿಕೊಂಡು ಹೋದರು. ನನ್ನ ಗಂಡನ ಮೇಲೆ ನನಗೆ ಅಷ್ಟು ಅಭಿಮಾನ ಬಂದದ್ದು ಅಪರೂಪ. ಅತ್ತೆ "ಹೂಂ" ಅಂದರು, ಅಷ್ಟೇ.

ನಾನು ತರಕಾರಿ ತಂದು ಲಿಫ್ಟಿನಿಂದ ಇಳಿಯುವಾಗ ವಿಜಯಪುರದ ಹುಡುಗ ಸ್ಕ್ರೂಡ್ರೈವರ್ ಹಿಡಿದು ಬಾಗಿಲಲ್ಲಿ ನಿಂತಿದ್ದ. ನಮ್ಮ ಕರೆಗಂಟೆಗೆ ಕಣ್ಣೂ ಇದೆ, ಬಾಯಿಯೂ ಇದೆ. ಹೊರಗೆ ಯಾರಿದ್ದಾರೆಂದು ಒಳಗಿನವರಿಗೆ ಕಾಣುತ್ತದೆ, ಒಳಗಿಂದ ಮಾತಾಡಿದರೆ ಹೊರಗೆ ಕೇಳುತ್ತದೆ.

"ಯಾರು?" ಎಂದಿತು ಕರೆಗಂಟೆ.

"ನಾನ್ರೀ ಅಮ್ಮಾರ, ಬೀಗ ಕುಂದರ್ಸಿದಾಂವ. ಎಲ್ಲಾ ಬಿಚ್ಚಾಕ ಸರ್ ಹೇಳ್ಯಾರ."

ಉತ್ತರ ಬಂತು: "ಮನೆಯಲ್ಲಿ ಯಾರೂ ಇಲ್ಲ."

"ಮತ್ತ ಮಾತಾಡಾಕತ್ತಾವ್ರು ಯಾರ್ರೀ?"

"ಮಷಿನ್."

ಹುಡುಗ ನನ್ನತ್ತ ತಿರುಗಿದ. "ಅಕ್ಕಾರ, ನೀವರ ಬಾಗ್ಲಾ ತಗೀರಿ."

"ಮನೆಯಲ್ಲಿ ಯಾರೂ ಇಲ್ಲ ಅಂತ ಮಷಿನ್ ಹೇಳಿದೆಯಲ್ಲ. ನಾನೂ ಇಲ್ಲ" ಎಂದು ತರಕಾರಿ ಚೀಲ ಕೆಳಗಿಟ್ಟು ನಿಂತೆ.

ಅವನು ತುಟಿಯಲ್ಲೇ ನಕ್ಕು ಇವರಿಗೆ ಫೋನು ಹಚ್ಚಿದ. ಸ್ಪೀಕರಿನಲ್ಲಿ ಹೋಟೆಲಿನ ತಟ್ಟೆಲೋಟದ ಸದ್ದು.

"ಸರ್, ಮನ್ಯಾಗ ಯಾರೂ ಇಲ್ಲಂತ್ರೀ."

"ಅಮ್ಮ ಇದ್ದಾರಲ್ಲ ಮಾರಾಯ!"

"ಇಲ್ರೀ ಸರ್. ನಿಮ್ಮ ಮಷಿನ್ನ ಹೇಳಾಕತ್ತೈತಿ."

ಅಷ್ಟರಲ್ಲಿ ಕರೆಗಂಟೆಗೆ ತಡೆಯಲಾಗಲಿಲ್ಲ. "ಬಿಸಿಲಿನಲ್ಲಿ ಬಂದದ್ದು, ಚಾ ಆಯ್ತಾ ಮಗಾ ನಿನ್ನದು?"

"ಸರ್, ಚಾ ಆತೇನು ಅಂತ ಕೇಳಾಕತ್ತೈತ್ರೀ."

ಫೋನಿನಲ್ಲಿ ಅಮ್ಮನ ಧ್ವನಿ ಕೇಳಿದ ಇವರು ಗಂಟಲು ಸರಿಮಾಡಿಕೊಂಡು, "ಅಡುಗೆಮನೆಯ ಆ ಚಾಡಿಕೋರನನ್ನು ಮಾತ್ರ ಬಿಚ್ಚಬಹುದಾ ಅಂತ ಮಷಿನಿನ ಹತ್ತಿರ ಕೇಳು" ಎಂದರು.

ಹುಡುಗ ಕೇಳಿದ. ಮಷಿನ್ ಯೋಚಿಸಿತು.

"ಅದೂ ಇರಲಿ. ಹೊಗೆ ಅಂದರೆ ಹೊಗೆ, ಅದರ ಕೆಲಸ ಅದು ಮಾಡಿದೆ. ಒಲೆಯಿಂದ ಸ್ವಲ್ಪ ದೂರ ಹಾಕು. ಮತ್ತೆ, ಪರೇಲಿನ ರೂಮು ಬಾಡಿಗೆಗೆ ಕೊಡಲಿಕ್ಕೆ ಹೇಳು ಅವನಿಗೆ."

ಹುಡುಗ ಫೋನು ಬಾಯಿ ಹತ್ತಿರ ತಂದ. "ಸರ್, ಪರೇಲದಾಗಿನ ರೂಮ್ ಬಾಡಿಗಿಗೆ ಕೊಡ್ಬೇಕಂತ್ರೀ. ಇಂಥಾ ಮಷಿನ್ ನಾ ಎಲ್ಲೂ ನೋಡಿಲ್ರೀ ಸರ್. ಯಾವ ಕಂಪನೀದು?"