ಬೀಗರ ಸೂಟು ಹಡಗು ಹತ್ತಿದ್ದು

ಈ ಪ್ರಸಂಗವನ್ನು ನನಗೆ ಮೊದಲು ಹೇಳಿದವರು ನಮ್ಮ ಬೀಗತಿ, ಅಂದರೆ ನನ್ನ ಸೊಸೆಯ ತಾಯಿ. ಅಮಾವಾಸ್ಯೆಗೆಂದು ಎರಡೂ ಮನೆಯವರು ಶಿವಯೋಗ ಮಂದಿರಕ್ಕೆ ಹೋಗಿದ್ದೆವು. ಗದ್ದುಗೆಗೆ ಹಣೆ ಹಚ್ಚಿ, ಪ್ರಸಾದ ಮುಗಿಸಿ, ಹೊಳೆಯ ದಂಡೆಗೆ ಬಂದು ಕೂತೆವು. ಬೀಗರು ಯಾರನ್ನೋ ಮಾತಾಡಿಸಲು ಆಚೆ ಹೋದರು. ಅವರು ಮರೆಯಾದದ್ದೇ ತಡ, ಬೀಗತಿ ಶುರು ಮಾಡಿದರು. ದೇವರ ಸನ್ನಿಧಿಯಲ್ಲಿ ಕೇಳಿದ ಮಾತು, ಇದಕ್ಕೆ ಸುಳ್ಳು ಬೆರೆಸುವ ಧೈರ್ಯ ನನಗಿಲ್ಲ. ಬೆರೆಸುವ ಜರೂರಿಯೂ ಇಲ್ಲ. ನಮ್ಮ ಬೀಗರು ಗಟ್ಟಿಯಾಗಿರುವತನಕ ಇಂಥವು ತಾವಾಗಿಯೇ ನಡೆಯುತ್ತಿರುತ್ತವೆ.

ಊಟಕ್ಕೆ ಕೋಟು

ಬೀಗರದು ಹುನಗುಂದದಲ್ಲಿ ಸಿಮೆಂಟಿನ ಅಂಗಡಿ. ಹುಟ್ಟಿದಾಗಿನಿಂದ ಬಿಳಿ ಅಂಗಿ, ಬಿಳಿ ಧೋತರ. ಬೆಳಗ್ಗೆ ಹಣೆಯ ಮೇಲೆ ವಿಭೂತಿ ಹೊಳೆಯುತ್ತಿರುತ್ತದೆ. ಸಂಜೆಯ ಹೊತ್ತಿಗೆ ಮೈಮೇಲೆಲ್ಲ ಧೂಳು ಕೂತು, ಅಂಗಡಿಯಲ್ಲಿ ಪೇರಿಸಿಟ್ಟ ಚೀಲ ಯಾವುದು, ಮಾಲಕರು ಯಾವುದು ಎಂದು ಗಿರಾಕಿ ಒಮ್ಮೆ ನಿಂತು ನೋಡಬೇಕಾಗುತ್ತದೆ.

ಸಿಮೆಂಟಿನ ಕಂಪನಿಯವರು ತಮ್ಮ ವ್ಯಾಪಾರಿಗಳನ್ನು ಆಗಾಗ ಪ್ರವಾಸಕ್ಕೆ ಕರೆದೊಯ್ಯುತ್ತಾರೆ. ಈ ಸಲ ಮುಂಬೈಯಿಂದ ಗೋವಾಕ್ಕೆ ಹಡಗಿನಲ್ಲಿ, ಗಂಡ ಹೆಂಡತಿ ಇಬ್ಬರೂ. ನಮ್ಮ ಕಡೆಯವರಿಗೆ ಗೋವಾ ಹತ್ತಿರ, ಮುಂಬೈ ದೂರ. ದೂರದ ಊರಿಗೆ ಹೋಗಿ ಅಲ್ಲಿಂದ ಹತ್ತಿರದ ಊರಿಗೆ ಬರುವುದಕ್ಕೆ ಪ್ರವಾಸ ಅನ್ನುತ್ತಾರೆ ಎಂದು ನನಗೆ ಆಗ ತಿಳಿಯಿತು.

ಕಂಪನಿಯ ಮ್ಯಾನೇಜರ ಫೋನಿನಲ್ಲಿ ಎರಡು ಮಾತು ಬಿಡಿಸಿ ಹೇಳಿದ್ದ. ಹುನಗುಂದ, ಇಳಕಲ್ಲು ಎರಡೂ ಕಡೆಯ ಏಜೆನ್ಸಿಯನ್ನು ಇನ್ನು ಮುಂದೆ ಒಬ್ಬರಿಗೇ ಕೊಡುತ್ತಾರೆ. ಹಡಗಿನ ದೊಡ್ಡ ಊಟದಲ್ಲಿ ಹೆಸರು ಕೂಗುತ್ತಾರೆ, ಕೂಗಿದವರು ವೇದಿಕೆಗೆ ಹೋಗಿ ಪತ್ರ ತೆಗೆದುಕೊಳ್ಳಬೇಕು, ಹೋಗದಿದ್ದರೆ ಅದು ಇನ್ನೊಬ್ಬರ ಪಾಲು. ಎರಡನೆಯದು, ಕರಿ ಕೋಟು, ಟೈ, ಬೂಟು ಇಲ್ಲದವರನ್ನು ಊಟದ ಬಾಗಿಲೊಳಗೆ ಬಿಡುವುದಿಲ್ಲ. ಆ ಇನ್ನೊಬ್ಬರೆಂದರೆ ಇಳಕಲ್ಲಿನ ವ್ಯಾಪಾರಿ. ಆತ ಫೋನು ಬರುವ ಮೊದಲೇ ಬಾಗಲಕೋಟೆಯಲ್ಲಿ ಸೂಟು ಹೊಲಿಸಿ ಹಾಕಿಕೊಂಡು, ಹುನಗುಂದದ ಪೇಟೆಯಲ್ಲಿ ಸುಮ್ಮನೆ ಎರಡು ಸುತ್ತು ಹಾಕಿ ಹೋಗಿದ್ದ.

ಉಣ್ಣಲಿಕ್ಕೆ ಕೋಟು ಯಾಕೆ ಎಂದು ನಾನು ಕೇಳಿದೆ. ಬೀಗರು ಹಡಗಿನಲ್ಲಿ ಹುಟ್ಟಿ ಬೆಳೆದವರ ಹಾಗೆ, “ಒಳಗ ಏಸಿ ಇರತೈತ್ರಿ, ಥಂಡಿ ಭಾಳ” ಅಂದರು. ಹಾಗಾದರೆ ಕಂಬಳಿ ಹೊದ್ದು ಹೋದವರನ್ನೂ ಬಿಡಬೇಕಲ್ಲ ಅಂದೆ. ಅದಕ್ಕೆ ಅವರು ಮೂರು ದಿನ ನನ್ನ ಫೋನು ಎತ್ತಲಿಲ್ಲ.

ಕೊಟ್ಟದ್ದನ್ನು ಕೇಳುವ ರೀತಿ

ಒಂದು ದಿನದ ಊಟಕ್ಕೆ ಹೊಸ ಸೂಟು ಹೊಲಿಸಲು ಬೀಗರ ಕೈ ಬರಲಿಲ್ಲ. ನಮ್ಮಲ್ಲಿ ಸೂಟನ್ನು ಗಂಡು ಮಕ್ಕಳು ಮದುವೆಯ ದಿನ ಒಮ್ಮೆ ಹಾಕುತ್ತಾರೆ. ಆಮೇಲೆ ಅದು ಟ್ರಂಕಿನಲ್ಲಿ ಸಮಾಧಿ ಸ್ಥಿತಿಯಲ್ಲಿರುತ್ತದೆ. ಹಾಗೆ ಇದ್ದ ಒಂದು ಕರಿ ಸೂಟು ಬೀಗರಿಗೆ ಗೊತ್ತಿತ್ತು. ಅದು ನನ್ನ ಮಗನದು. ಮದುವೆಯಲ್ಲಿ ಅಳಿಯನಿಗೆಂದು ಕೊಡಿಸಿದವರು ಸ್ವತಃ ಬೀಗರೇ.

ಕೊಟ್ಟ ಉಡುಗೊರೆಯನ್ನು ಬೀಗರ ಮನೆಯಿಂದ ತಿರುಗಿ ಕೇಳುವುದು ಹೇಗೆ? ಕೆರೂರಿನ ನಮ್ಮ ಮನೆಗೆ ಬಂದರು. ಕಾಲು ತೊಳೆದರು. ಚಹಾ ಕುಡಿದರು. ಮಳೆ, ಬೆಳೆ, ಮೊಮ್ಮಗಳ ಸಾಲಿ, ಎಲ್ಲ ಆಯಿತು. ಆಮೇಲೆ ಗಂಟಲು ಸರಿಮಾಡಿಕೊಂಡು, ಟ್ರಂಕಿನಲ್ಲಿ ಇಟ್ಟ ಅರಿವಿಯನ್ನು ಹುಳ ತಿನ್ನುತ್ತವಂತಲ್ಲ ಎಂದು ಕೇಳಿದರು. ಬೇವಿನ ಎಲೆ ಇಟ್ಟಿದ್ದೇವೆ, ತಿನ್ನುವುದಿಲ್ಲ ಅಂದೆ. ಉಣ್ಣೆಯ ಅರಿವಿಗೆ ಬೇವಿನ ಎಲೆ ಸಾಲದು, ಅಂದರು. ಸಾಲುತ್ತದೆ, ಅಂದೆ. ನಡುನಡುವೆ ಗಾಳಿಗೆ ಹಾಕಬೇಕು, ಇಲ್ಲದಿದ್ದರೆ ಕರಿ ಬಣ್ಣ ಮೊದಲು ಹೋಗುತ್ತದೆ, ಅಂದರು. ನನಗೆ ಎಲ್ಲ ತಿಳಿದಿತ್ತು. ತಿಳಿದದ್ದನ್ನು ತೋರಿಸಿಕೊಳ್ಳುವ ಅವಸರ ನನಗಿರಲಿಲ್ಲ. ಇನ್ನೊಂದು ಕಪ್ ಚಹಾ ತರಿಸಿದೆ.

ಒಳಗಿಂದ ಕೇಳುತ್ತಿದ್ದ ನನ್ನ ಹೆಂಡತಿಗೇ ಕನಿಕರ ಬಂತು. ಸೂಟನ್ನು ಕೈಯಲ್ಲಿ ಹಿಡಿದುಕೊಂಡು ಬಂದು ಬೀಗರ ಮುಂದಿಟ್ಟಳು.

“ಅಣ್ಣಾರ, ನೀವು ಹೆಂಗೂ ಹೊಂಟೀರಿ. ಇದನ್ನಷ್ಟು ಗಾಳಿಗಿ ಹಾಕ್ಕೊಂಡು ಬರ್ರಿ. ನಮ್ಮೂರಾಗ ಸಮುದ್ರದ ಗಾಳಿ ಸಿಗೂದಿಲ್ಲ.”

ಸೂಟಿನ ಮೂಲೆಗಳು

ನನ್ನ ಮಗ ಕಡ್ಡಿಯಂಥವನು. ಬೀಗರು ಹಾಗಲ್ಲ. ಕುಳಗೇರಿ ಕ್ರಾಸಿನ ದರ್ಜಿ ಒಳಗೆ ಮಡಚಿದ್ದ ಬಟ್ಟೆಯನ್ನೆಲ್ಲ ಬಿಡಿಸಿ, ಉಸಿರು ಪೂರ್ತಿ ಒಳಗೆ ಎಳೆದರೆ ಗುಂಡಿ ಬೀಳುತ್ತದೆ, ಹೊರಗೆ ಬಿಟ್ಟರೆ ತನ್ನ ಜವಾಬ್ದಾರಿಯಲ್ಲ ಎಂದು ಹೇಳಿ ಕಳಿಸಿದ.

ಹುನಗುಂದದ ಮನೆಯಲ್ಲಿ ಬೀಗರ ತಾಯಿ ಕೂತಿದ್ದರು. ವಯಸ್ಸಾದ ಜೀವ, ಆದರೆ ಕಣ್ಣು ಚುರುಕು. ಕರಿ ಅರಿವಿ ಕಂಡದ್ದೇ ಎದ್ದು ನಿಂತರು. ನೀರು ದಾಟಿ ಹೋಗುವವನು ಕರಿದು ಉಟ್ಟುಕೊಂಡು ಹೋಗುತ್ತಾನೆಯೇ, ಮನೆ ತುಂಬ ಬಿಳಿ ಧೋತರ ಇವೆಯಲ್ಲ, ಅಂದರು. ಬೀಗರು ಏಜೆನ್ಸಿಯ ಮಾತು ತಿಳಿಸಿ ಹೇಳಿದರು. ಮುದುಕಿ ಬಹಳ ಹೊತ್ತು ವಿಚಾರ ಮಾಡಿ, ಹಾಗಾದರೆ ಮೂಲೆ ಮೂಲೆಗೆ ಅರಿಶಿಣ ಹಚ್ಚಿಯೇ ಹಾಕಬೇಕು ಎಂದು ಕಟ್ಟಪ್ಪಣೆ ಮಾಡಿದರು. ನಮ್ಮಲ್ಲಿ ಹೊಸ ಅರಿವಿಗೆ ಮೂಲೆಗೆ ಒಂದಿಷ್ಟು ಅರಿಶಿಣ ಹಚ್ಚದೆ ಯಾರೂ ತೊಡುವುದಿಲ್ಲ, ಅದು ಸರಿಯಾದ ಪದ್ಧತಿಯೇ. ಆದರೆ ಧೋತರಕ್ಕೆ ನಾಲ್ಕೇ ಮೂಲೆ. ಸೂಟಿಗೆ ಎಷ್ಟು ಮೂಲೆ ಎಂಬುದನ್ನು ಅದನ್ನು ಹೊಲಿದವನೂ ಎಣಿಸಿರಲಿಕ್ಕಿಲ್ಲ. ಕಾಲರಿಗೆ, ಎದೆಯ ಮಡಿಕೆಗೆ, ಕಿಸೆಗೆ, ಕಿಸೆಯ ಮೇಲಿನ ಮುಚ್ಚಳಕ್ಕೆ, ತೋಳಿಗೆ, ಪ್ಯಾಂಟಿನ ಕಾಲಿಗೆ, ಒಂದನ್ನೂ ಬಿಡದೆ ಹಚ್ಚಿದರು. ಟೈಗೆ ಮೂಲೆ ಒಂದೇ ಎಂದು ಅದಕ್ಕೆ ಎರಡು ಸಲ ಹಚ್ಚಿದರು.

ಬೀಗರು ಸೂಟನ್ನು ಬಾಗಲಕೋಟೆಗೆ ಒಯ್ದು ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಬಿಚ್ಚಿಟ್ಟರು. ಅಂಗಡಿಯವನು ಹಿಂದೆ ಮುಂದೆ ತಿರುಗಿಸಿ ನೋಡಿ, ಭಾಳ ಮರ್ಯಾದೆಯಿಂದ ಕೇಳಿದನಂತೆ: “ಮದವಿಯೊಳಗ ಅರಿಶಿಣ ಹಚ್ಚಿ ನೀರು ಹಾಕೂವಾಗ ಸೂಟ್ ಬಿಚ್ಚೂದು ಮರತಿದ್ರೇನ್ರಿ?”

ಉಡಿಯ ಭಾರ

ಬೀಗತಿಯ ಗಂಟು ಬೇರೆಯೇ ಇತ್ತು. ದೂರ ಹೋಗುವ ಮುತ್ತೈದೆಗೆ ಓಣಿಯವರು ಉಡಿ ತುಂಬಬೇಕಲ್ಲವೇ. ಅಕ್ಕಿ, ತೆಂಗಿನಕಾಯಿ, ಕುಬಸದ ಕಣ, ಉತ್ತತ್ತಿ. ಒಬ್ಬರು ತುಂಬಿದರೆಂದು ಇನ್ನೊಬ್ಬರು ತುಂಬಿದರು. ಇಡೀ ಓಣಿ ಮುಗಿಯಿತು. ತುಂಬಿಸಿಕೊಂಡ ಉಡಿಯನ್ನು ಬಿಟ್ಟು ಹೋಗುವಂತಿಲ್ಲ, ಚೆಲ್ಲುವಂತಿಲ್ಲ. ಬೀಗರು ಹಡಗಿಗೆಂದೇ ತಂದಿದ್ದ ಗಾಲಿಯ ಬ್ಯಾಗು ಕಾಯಿ ತುಂಬಿಕೊಂಡು, ಎಳೆದ ಕಡೆ ಬರದೆ ತನಗೆ ಬೇಕಾದ ಕಡೆ ಹೋಗತೊಡಗಿತು.

ಇಷ್ಟೇ ಅಲ್ಲ. ಹಡಗಿನ ಅಡುಗೆಮನೆಯಲ್ಲಿ ಏನೇನು ಬೇಯುತ್ತದೋ ಶಿವನೇ ಬಲ್ಲ ಎಂದು ಬೀಗತಿ ಖಡಕ್ ರೊಟ್ಟಿ ಬಡಿದಿದ್ದರು. ಹೊರಗಿನ ಊಟ ಒಳಗೆ ಒಯ್ಯುವಂತಿಲ್ಲ ಎಂದು ಮ್ಯಾನೇಜರ ಹೇಳಿದ್ದನ್ನು ಕೇಳಿಸಿಕೊಂಡು, ಗಂಡನಿಗೂ ಹೇಳದೆ, ಕೋಟಿನ ಮಡಿಕೆಗಳ ನಡುವೆ ಒಂದರ ಮೇಲೊಂದು ರೊಟ್ಟಿ ಇಟ್ಟು ಮುಚ್ಚಿದರು.

ಮುಂಬೈಯ ಬಂದರಿನಲ್ಲಿ ಬ್ಯಾಗುಗಳನ್ನು ಯಂತ್ರದೊಳಗೆ ಹಾಯಿಸಿದರು. ಪರದೆಯ ಮೇಲೆ ಸಾಲುಸಾಲು ಗುಂಡುಗಳು ಕಂಡವು. ಕಾವಲಿಗಿದ್ದ ಹೆಣ್ಣುಮಗಳು ತೆಗೆಸಿ ನೋಡಿದರೆ ತೆಂಗಿನಕಾಯಿ. ಇವು ಒಳಗೆ ಹೋಗುವುದಿಲ್ಲ, ಇಲ್ಲೇ ಬಿಡಿ ಎಂದಳು. ಬೀಗರು ಬಿಟ್ಟು ನಡೆ ಎಂದರು. ಬೀಗತಿ ನಡೆಯಲಿಲ್ಲ. ಉಡಿಯನ್ನು ಬಿಡಬಾರದು, ಖರೆ, ಆದರೆ ಇನ್ನೊಬ್ಬ ಮುತ್ತೈದೆಗೆ ತುಂಬಬಹುದು. ಆ ಹೆಣ್ಣುಮಗಳ ಕೊರಳಲ್ಲಿ ಕರಿಮಣಿ ನೋಡಿದರು, ಹಣೆಗೆ ಕುಂಕುಮ ಹಚ್ಚಿದರು, ಓಣಿಯ ಉಡಿಯನ್ನೆಲ್ಲ ಆಕೆಯ ಖಾಕಿ ಅಂಗಿಯ ಚುಂಗಿನಲ್ಲಿ ಹಾಕುತ್ತ ಹೋದರು. ಹಿಂದೆ ನಿಂತ ಸೂಟುಬೂಟಿನ ಸಾಲೆಲ್ಲ ಕಾಯುತ್ತ ನಿಂತಿತು. ಆ ಹೆಣ್ಣುಮಗಳು ಬಗ್ಗಿ ಕಾಲಿಗೆ ನಮಸ್ಕಾರ ಮಾಡಿದಳು. ಆಮೇಲೆ ಸೂಟಿನ ಬ್ಯಾಗನ್ನು ಯಾರು ಬಿಚ್ಚಿಸಿ ನೋಡುತ್ತಾರೆ?

ಹಡಗಿನ ಕೋಣೆಯಲ್ಲಿ ಬೀಗರು ಕೋಟು ಎತ್ತಿ ಹಿಡಿದು ಬೆರಗಾದರು. ಅಷ್ಟು ದೂರ ಬಂದರೂ ಒಂದು ಸುಕ್ಕಿಲ್ಲ, ಹಲಗೆಯ ಹಾಗೆ ನೆಟ್ಟಗೆ. ಇಸ್ತ್ರಿ ಅಂದರೆ ಬಾಗಲಕೋಟೆಯದೇ ಇಸ್ತ್ರಿ ಎಂದು ಹೊಗಳಿದರು. ಬೀಗತಿ ಬೆನ್ನಿನ ಮಡಿಕೆಯೊಳಗೆ ಕೈ ಹಾಕಿ ಕೇಳಿದರು, “ಇಸ್ತ್ರಿ ಹಂಗs ತಿಂತೀರೋ, ಮೊಸರು ಹಚ್ಚಿ ಕೊಡ್ಲೋ?”

ಬಾಗಿಲ ಬೂಟು

ದೊಡ್ಡ ಊಟದ ಹೊತ್ತು ಬಂತು. ಬಾಗಿಲಲ್ಲಿ ಇಬ್ಬರು ನಿಂತು ಒಬ್ಬೊಬ್ಬರನ್ನೇ ತಲೆಯಿಂದ ಕಾಲಿನವರೆಗೆ ನೋಡಿ ಬಿಡುತ್ತಿದ್ದರು. ಬೀಗರ ಕೋಟು ಇತ್ತು, ಟೈ ಇತ್ತು, ಬೂಟು ಇತ್ತು. ಬಿಟ್ಟರು. ಒಳಗೆ ಎರಡು ಹೆಜ್ಜೆ ಇಟ್ಟ ಬೀಗರಿಗೆ ಅನ್ನದ ವಾಸನೆ ಬಂತು. ಅನ್ನ ಇರುವ ಜಾಗಕ್ಕೆ ಕಾಲ್ಮರಿ ಮೆಟ್ಟಿಕೊಂಡು ಹೋಗುವ ರೂಢಿ ನಮ್ಮ ಯಾವ ಮಠದಲ್ಲೂ ಇಲ್ಲ, ಮನೆಯಲ್ಲೂ ಇಲ್ಲ. ತಿರುಗಿ ಬಂದು, ಬಾಗಿಲ ಬದಿಗೆ ಬೂಟು ಬಿಚ್ಚಿ, ಜೋಡಿಸಿಟ್ಟು ಒಳಗೆ ಹೋದರು. ಬೀಗತಿಯೂ ಚಪ್ಪಲಿ ಬಿಟ್ಟರು.

ಹಿಂದೆ ಇದ್ದವರೆಲ್ಲ ವಿಜಯಪುರ, ಗದಗ, ಕೊಪ್ಪಳದ ಕಡೆಯ ವ್ಯಾಪಾರಿಗಳು. ವಿಭೂತಿಯ ಹಿರಿಯರೊಬ್ಬರು ಬಿಟ್ಟದ್ದನ್ನು ಕಂಡು, ಇದೇ ಇಲ್ಲಿಯ ಪದ್ಧತಿ ಇರಬೇಕೆಂದು ಅವರೂ ಬಿಟ್ಟರು. ಇಳಕಲ್ಲಿನವನೂ ಬಿಟ್ಟ. ಬಾಗಿಲಲ್ಲಿ ಕರಿ ಬೂಟಿನ ರಾಶಿ ಬಿತ್ತು. ಕಾವಲಿನವರು ಅದನ್ನು ನೋಡಿದರು, ಒಳಗೆ ಕೂತವರ ಹಣೆಯ ವಿಭೂತಿ ನೋಡಿದರು, ಒಳಗೆ ಏನೋ ಪೂಜೆ ನಡೆದಿದೆ ಎಂದುಕೊಂಡರು. ತಾಟು ಹೊತ್ತು ತಂದ ಬಡಿಸುವವರಿಗೂ ಬೂಟು ಬಿಚ್ಚಿ ಒಳಗೆ ಹೋಗಲು ಹೇಳಿದರು.

ಏಳದೆ ಕೂತದ್ದು

ಮೇಜಿನ ಮುಂದೆ ಕುರ್ಚಿ. ಬೀಗರು ಆಯುಷ್ಯವೆಲ್ಲ ನೆಲದ ಮೇಲೆ ಪದ್ಮಾಸನ ಹಾಕಿ ಉಂಡವರು. ಪಲ್ಯ, ಅನ್ನದ ತಾಟು ಮುಂದೆ ಬಂತು. ಶಿವನನ್ನು ನೆನೆದು ಕಣ್ಣು ಮುಚ್ಚಿದರು. ಮುಚ್ಚಿದಾಗ ಕಾಲುಗಳು, ಅವರನ್ನು ಕೇಳದೆಯೇ, ಮೇಲೆ ಬಂದು ಕುರ್ಚಿಯಲ್ಲಿ ಮಡಚಿ ಕೂತವು. ಪರ್ರ್ ಎಂದು ಸಪ್ಪಳವಾಯಿತು. ಯಾರೋ ಸಿಮೆಂಟಿನ ಚೀಲ ಹರಿದರು ಎಂದು ಬೀಗತಿ ಅತ್ತಿತ್ತ ನೋಡಿದರಂತೆ. ಹರಿದದ್ದು ಬೀಗರ ಪ್ಯಾಂಟು, ಹಿಂದಿನಿಂದ ಮುಂದಿನವರೆಗೆ.

ಅದೇ ಹೊತ್ತಿಗೆ ವೇದಿಕೆಯ ಮೇಲಿಂದ ದೊಡ್ಡ ಸಾಹೇಬರು ಬೀಗರ ಹೆಸರು ಕೂಗಿದರು. ಚಪ್ಪಾಳೆ ಬಿತ್ತು. ಬೀಗರು ಏಳಲಿಲ್ಲ. ಮೇಜಿನ ಮೇಲಿನ ಬಿಳಿ ಬಟ್ಟೆಯನ್ನು ತೊಡೆಯ ಮೇಲೆ ಎಳೆದುಕೊಂಡು ಕೂತರು. ಸಾಹೇಬರು ಎರಡನೇ ಸಲ ಕೂಗಿದರು. ಆಚೆ ಮೇಜಿನಲ್ಲಿ ಇಳಕಲ್ಲಿನವನು ಬಾಯಿ ಒರೆಸಿಕೊಂಡು, ಕೋಟಿನ ಗುಂಡಿ ಹಾಕಿಕೊಂಡು, ಅರ್ಧ ಎದ್ದ.

“ಏಳ್ರಿ,” ಅಂದರು ಬೀಗತಿ.

“ಹೆಂಗ ಏಳ್ಲೇ? ಎದ್ರ ಮಾನ ಹೊಕ್ಕೈತಿ, ಏಳದಿದ್ರ ಏಜೆನ್ಸಿ ಹೊಕ್ಕೈತಿ.”

ಬೀಗತಿ ಸೆರಗು ಸರಿಮಾಡಿಕೊಂಡು ಎದ್ದು ನಿಂತರು. “ಮಾನ ನೀವು ಹಿಡ್ಕೊಂಡು ಕೂಡ್ರಿ. ಏಜೆನ್ಸಿ ನಾ ತರ್ತೇನಿ.”

ಬರಿಗಾಲಲ್ಲಿ, ಇಳಕಲ್ಲ ಸೀರೆಯಲ್ಲಿ, ನೆಟ್ಟಗೆ ವೇದಿಕೆ ಹತ್ತಿದರು. ಯಜಮಾನರು ಎಲ್ಲಿ ಎಂದು ಸಾಹೇಬರು ಕೇಳಿದರು. ಅವರು ಉಣ್ಣುವಾಗ ಏಳುವುದಿಲ್ಲ, ವ್ರತ, ಎಂದರು. ವ್ಯಾಪಾರದ ಮಾತು ನಿಮಗೆ ತಿಳಿಯುತ್ತದೆಯೇ ಎಂದರು ಸಾಹೇಬರು. ಯಾವ ಊರಲ್ಲಿ ಯಾರು ಮನೆ ಕಟ್ಟಿಸುತ್ತಿದ್ದಾರೆ, ಗೋಡೆ ಕಟ್ಟುವ ಯಾವ ಗೌಂಡಿ ಯಾವ ಅಂಗಡಿಗೆ ಗಿರಾಕಿ ಕಳಿಸುತ್ತಾನೆ, ಮಳೆಗಾಲದಲ್ಲಿ ಚೀಲ ಹೇಗೆ ಪೇರಿಸಬೇಕು, ಬೀಗತಿ ನಿಂತಲ್ಲೇ ಹೇಳಿದರು. ವೇದಿಕೆ ಹತ್ತಿದವರ ಹೆಸರಿಗೇ ಪತ್ರ ಎಂದು ಸಾಹೇಬರು ಅಲ್ಲೇ ಹೆಸರು ತಿದ್ದಿ, ಸಹಿ ಮಾಡಿ, ಬೀಗತಿಯ ಕೈಗೆ ಕೊಟ್ಟರು. ಎಲ್ಲರೂ ಹೊರಗೆ ಹೋಗುವತನಕ ಬೀಗರು ಅನ್ನ ಉಣ್ಣುತ್ತಲೇ ಇದ್ದರು. ಬಡಿಸುವವನು ಮೂರು ಸಲ ನೀಡಿದನಂತೆ.

ಈಗ ಅಂಗಡಿಯ ಬೋರ್ಡಿನ ಮೇಲೆ ಬೀಗತಿಯ ಹೆಸರಿದೆ. ಬೀಗರು ಮಾತ್ರ ಕಂಡಕಂಡವರಿಗೆ, ಹೆಣ್ಣುಮಕ್ಕಳು ಮುಂದೆ ಬರಲೆಂದು ತಾವು ಬೇಕಂತಲೇ ಏಳಲಿಲ್ಲ ಎಂದು ಹೇಳುತ್ತ ತಿರುಗುತ್ತಾರೆ. ಹುನಗುಂದದ ವ್ಯಾಪಾರಸ್ಥರು ಅದನ್ನು ನಂಬಿ, ಸಭೆ ಕರೆದು, ಮಹಿಳೆಯರ ಏಳಿಗೆಗೆ ದುಡಿದವರೆಂದು ಬೀಗರಿಗೆ ಶಾಲು ಹೊದಿಸಿ ಸನ್ಮಾನ ಮಾಡಿದ್ದಾರೆ. ಸಭೆಯಲ್ಲಿ ಬೀಗತಿಗೆ ಕುರ್ಚಿ ಹಾಕಿರಲಿಲ್ಲ.

ಹೊಳೆಯ ದಂಡೆಯಲ್ಲಿ ಇದನ್ನು ಹೇಳಿ ಮುಗಿಸಿ ಬೀಗತಿ, ದೂರದಲ್ಲಿ ಅದೇ ಶಾಲು ಹೆಗಲಿಗೆ ಹಾಕಿಕೊಂಡು ಬರುತ್ತಿದ್ದ ಗಂಡನನ್ನು ನೋಡಿದರು.

“ಅಣ್ಣಾರ, ಆ ಶಾಲು ಅವತ್ತ ಹಡಗಿನ್ಯಾಗ ಹೊದಿಸಿದ್ರ, ಸೊಂಟಕ್ಕ ಸುತ್ಕೊಂಡಾದ್ರೂ ಎದ್ದು ನಿಂದರ್ತಿದ್ರು.”

ಇದನ್ನು ಓದಿದವರು ನಿಮ್ಮಷ್ಟಕ್ಕೆ ಇಟ್ಟುಕೊಳ್ಳಬೇಡಿ, ಎದುರಿಗೆ ಸಿಕ್ಕವರಿಗೆ ಹೇಳಿರಿ. ಹುನಗುಂದದ ಕಡೆ ಹೋಗುವವರಿದ್ದರೆ ಶಾಲು ಹೊದಿಸಿದವರಿಗೆ ಮೊದಲು ಹೇಳಿರಿ. ನಾನೇ ಹೇಳುತ್ತಿದ್ದೆ, ಆದರೆ ಬೀಗತನ ಉಳಿಯಬೇಕು.