ಬಾಗಿಲಿಗೊಂದು ಹೆಸರು

2025ರ ಫೆಬ್ರವರಿ 9, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಜೋಗುಪಾಳ್ಯದ ಟೈಲರ್ ಜಹನಾರಾ ತನ್ನ ಅಂಗಡಿಯ ಮೇಲಿನ ಬಾಡಿಗೆ ಕೋಣೆಗೆ ಹತ್ತಿಬಂದಳು.

"ಶ್ರೀನಾಥ್ ಸಾರ್, ಮೇಲೆ ಏನ್ ನಡೆಯತ್ತೆ ಅಂತ ಬೀದಿಯೋರೆಲ್ಲ ನನ್ನ ಕೇಳ್ತಾರೆ. ಸಾಯಂಕಾಲ ಆರರೊಳಗೆ ಬಾಗಿಲಿಗೊಂದು ಬೋರ್ಡ್ ಹಾಕಿ. ಇಲ್ಲಾಂದ್ರೆ ರೂಮು ಟ್ಯೂಷನ್‌ನೋರಿಗೆ."

ದೊಡ್ಡ ಕಮ್ಯುನಿಸ್ಟ್ ಪಕ್ಷಗಳೇ ದಾರಿ ತಪ್ಪಿವೆ ಎನ್ನುವ ಎಡ ಕಮ್ಯುನಿಸ್ಟರ ಅಧ್ಯಯನ ಕೂಟ ಭಾನುವಾರಗಳಂದು ಆ ಕೋಣೆಯಲ್ಲಿ ಸೇರುತ್ತಿತ್ತು. ಸದಸ್ಯರು ಮೂವರು. ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಿಂದ ನಿವೃತ್ತನಾದ ಶ್ರೀನಾಥನನ್ನು 'ನೀನೇನಂತೀಯ' ಎಂದು ಕೇಳಲು ಲೋಕದಲ್ಲಿ ಉಳಿದಿದ್ದವರು ಮಿಕ್ಕ ಇಬ್ಬರೇ. ಕೋಣೆ ಹೋದರೆ ಅವನ ಭಾನುವಾರಗಳೂ ಹೋದಂತೆ.

"ಹೆಸರಲ್ಲಿ 'ಪಕ್ಷ' ಇರ್ಬೇಕು," ಎಂದ ಕಾರ್ಖಾನೆಯ ಹಳೇ ಫಿಟ್ಟರ್ ಕೆಂಪರಾಜ್. "ಪಕ್ಷ ಇಲ್ದಿರೋ ಕ್ರಾಂತಿ ಡ್ರೈವರ್ ಇಲ್ದಿರೋ ಬಸ್ಸು."

"ನಿನ್ ಡ್ರೈವರ್ ಬಸ್ಸನ್ನ ತನ್ನ ಮನೆಗೇ ತಗೊಂಡೋಗ್ತಾನೆ ಗುರು," ಎಂದ ಗಡಿಯಾರ ರಿಪೇರಿಯ ಅಮೀರ್. "ಕಾರ್ಮಿಕರ ಮಂಡಳಿ ಸಾಕು. 'ಮಂಡಳಿ' ಅಂತ ಬರಿ, ಶ್ರೀನಾಥ್."

ಜಹನಾರಾ ಇಬ್ಬರನ್ನೂ ನೋಡಿದಳು. "ನಿಮ್ಮಿಬ್ರಿಗೂ ಎಲೆಕ್ಷನ್ ಬೇಡ, ಯೂನಿಯನ್ನೂ ಬೇಡ. ಮತ್ತೆ ಜಗಳ ಯಾಕೆ?"

"ಅದಕ್ಕೇ," ಎಂದರು ಇಬ್ಬರೂ.

ಹನ್ನೊಂದಕ್ಕೆ ಕೆಂಪರಾಜ್ ಸಭಾತ್ಯಾಗ ಮಾಡಿ ಎದುರಿನ ಟೀ ಅಂಗಡಿಯಲ್ಲಿ ಕೂತ. ಅಮೀರ್ ಕೋಣೆ ಬಿಟ್ಟು ಕದಲಲಿಲ್ಲ. ಅಮೀರ್ ಹೇಳಿಕಳಿಸಿದ 'ಪಂಥವಾದಿ' ಎಂಬ ಬೈಗುಳವನ್ನು ಕೆಳಗೆ, ಕೆಂಪರಾಜ್ ಕೊಟ್ಟ 'ಅರಾಜಕವಾದಿ'ಯನ್ನು ಮೇಲೆ ಹೊತ್ತು ಶ್ರೀನಾಥ ಹದಿನಾಲ್ಕು ಸಲ ಮೆಟ್ಟಿಲು ಹತ್ತಿಳಿದ. ಪ್ರಯೋಗಾಲಯದ ಲೋಲಕವಾದರೂ ಹೊತ್ತು ಕಳೆದಂತೆ ನಿಲ್ಲುತ್ತದೆ. ಇದು ಪ್ರತಿ ಸಲವೂ ಇನ್ನಷ್ಟು ದೂರ ತೂಗುತ್ತಿತ್ತು.

ನಾಲ್ಕಕ್ಕೆ ಅವನು ಚೀಟಿಯಲ್ಲಿ 'ಮಂಡಳಿಗಳೊಳಗಿನ ಪಕ್ಷ' ಎಂದು ಬರೆದು, ಕೆಂಪರಾಜನನ್ನು ಕೈಹಿಡಿದು ಮೇಲೆ ಕರೆತಂದ. ಇಬ್ಬರೂ ತಲೆಗೆ ತಲೆ ತಾಗಿಸಿ ಓದಿದರು. ಇಬ್ಬರೂ ತಲೆದೂಗಿದರು. ಹನ್ನೊಂದು ವರ್ಷದಲ್ಲಿ ಅದು ಮೊದಲ ಒಮ್ಮತ. ಶ್ರೀನಾಥನ ಕಣ್ಣು ತೇವವಾಯಿತು.

"ಇದು ರಾಜಿ," ಎಂದ ಕೆಂಪರಾಜ್.

"ಶುದ್ಧ ಅವಕಾಶವಾದ," ಎಂದ ಅಮೀರ್. "ನಾನೊಂದು ತತ್ವಕ್ಕೆ ನಿಂತಿದೀನಿ, ಅವನೊಂದಕ್ಕೆ. ನೀನು ಯಾವ್ದಕ್ಕೂ ನಿಂತಿಲ್ಲ."

ಶ್ರೀನಾಥನ ಉಚ್ಚಾಟನೆಯ ಪರ ಎರಡು ಮತ, ವಿರುದ್ಧ ಒಂದು. ಜೊತೆಗೇ ಹೆಸರೂ ಸಿಕ್ಕಿತು.

"ಆದ್ರೂ ಕೈಬರಹ ನಿಂದೇ ಚೆನ್ನಾಗಿರೋದು ಕಣಯ್ಯ," ಎಂದು ಕೆಂಪರಾಜ್ ಬ್ರಷ್ ಕೊಟ್ಟ.

ಪೆನ್ಸಿಲ್ ಗೆರೆ ಎಳೆದು, ಒಂದು ಹನಿಯೂ ಚೆಲ್ಲದಂತೆ ಶ್ರೀನಾಥ ಬರೆದ: 'ಎಡ ಕಮ್ಯುನಿಸ್ಟ್ ಕೂಟ, ಶ್ರೀನಾಥ್ ವಿರೋಧಿ ಬಣ.'

ಆರಕ್ಕೆ ಜಹನಾರಾ ಬಂದು ನೋಡಿದಳು. "ನಿಮ್ ಹೆಸರಿದೆಯಲ್ಲ ಸಾರ್, ಅಷ್ಟ್ ಸಾಕು. ಮೇಲೆ ಏನ್ ಗಲಾಟೆ ಆದ್ರೂ ಇನ್ಮೇಲೆ ನಿಮ್ಮನ್ನೇ ಕೇಳ್ತೀನಿ."

ಶ್ರೀನಾಥ ಚಪ್ಪಲಿ ಮೆಟ್ಟಿದ. ಇಳಿಯುವ ಮುನ್ನ, ಪ್ರಯೋಗಾಲಯದ ಅಭ್ಯಾಸಬಲದಿಂದ, ಬೋರ್ಡಿಗೆ ಸ್ಕೇಲು ಹಿಡಿದ. ಅವನ ಹೆಸರಿನ ಅಗಲ 31.5 ಸೆಂಟಿಮೀಟರ್.