ಗುಂಡ್ಯಾನಿಗೆ ನಾನು ಕಲಿಸಿದ ಶಿಸ್ತು

ನಾಯಿಮರಿಗೆ ಶಿಸ್ತು ಕಲಿಸುವುದು ಬಹಳ ಸುಲಭ. ಇದನ್ನು ನಾನು ಮೊಬೈಲಿನಲ್ಲಿ ಕಲಿತೆ, ಅದೂ ರೊಟ್ಟಿ ತಿನ್ನುತ್ತಾ! ವಿಡಿಯೋದಲ್ಲಿ ಚಡ್ಡಿ ಹಾಕಿದ ಒಬ್ಬ ಮನುಷ್ಯ ಬಾಗಿಲ ಕಡೆ ಬೆರಳು ತೋರಿಸಿದರೆ ಸಾಕು, ಅವನ ನಾಯಿ ಹೊರಗೆ ಹೋಗಿ, ಕೆಲಸ ಮುಗಿಸಿ, ಕಾಲು ಒರೆಸಿಕೊಂಡು ಒಳಗೆ ಬರುತ್ತಿತ್ತು. ನಮ್ಮ ಮನೆಯಲ್ಲಿ ಮನುಷ್ಯರೇ ಕಾಲು ಒರೆಸಿಕೊಳ್ಳುವುದಿಲ್ಲ!

ಅದೇ ವಾರ ಕುಷ್ಟಗಿ ಸಂತೆಯಲ್ಲಿ ಒಂದು ತಳ್ಳುಗಾಡಿಯ ಕೆಳಗೆ ಗುಂಡ್ಯಾ ಸಿಕ್ಕ. ಕಂದು ಬಣ್ಣ, ಬೆಲ್ಲದ ಉಂಡೆಯಂಥ ಮೈ. ಎತ್ತಿ ಅಂಗಿಯೊಳಗೆ ಇಟ್ಟುಕೊಂಡೆ. ಮನೆ ಮುಟ್ಟುವ ಮೊದಲೇ ಆತ ಅಂಗಿಯೊಳಗೆ ತನ್ನ ಮೊದಲ ಅಭಿಪ್ರಾಯ ತಿಳಿಸಿದ.

"ಏ ಮಂಜ್ಯಾ, ಅಂಗಿ ಯಾಕ ಹಸಿ ಆಗೇತಿ?" ಎಂದಳು ಅವ್ವ.

"ಕುನ್ನಿ ಐತಿ ಬೇ."

"ಎಲ್ಲಿಂದ ತಂದಿ ಅಲ್ಲೇ ಬಿಟ್ಟು ಬಾ. ನಿನ್ನೊಬ್ಬನ್ನ ಸಾಕೂದ್ರಾಗ ನನಗ ಸಾಕಾಗೇತಿ."

"ಎಲ್ಲಾ ಕಲಿಸ್ತೀನಿ ಬೇ! ಮನ್ಯಾಗ ಒಂದು ಹನಿ ಬೀಳಂಗಿಲ್ಲ!"

ಅವ್ವ ನನ್ನನ್ನೊಮ್ಮೆ, ಕುನ್ನಿಯನ್ನೊಮ್ಮೆ ನೋಡಿದಳು. ಇಬ್ಬರಲ್ಲಿ ಯಾರಿಗೆ ಬುದ್ಧಿ ಜಾಸ್ತಿ ಎಂದು ಅಳೆಯುತ್ತಿದ್ದಳೆಂದು ಕಾಣುತ್ತದೆ. ಆಮೇಲೆ ತೀರ್ಪು ಬಂತು: "ಅಮಾಸಿ ದಿನ ನಿಮ್ಮ ಮಾವ ಹೋಳಗಿ ಉಣ್ಣಾಕ ಬರ್ತಾನ. ಅಷ್ಟರಾಗ ಕಲೀಲಿಲ್ಲಂದ್ರ ಅವನ ಕೂಡ ತಾವರಗೇರಾದ ಹೊಲಕ್ಕ ಕಳಿಸಿಬಿಡ್ತೀನಿ, ನೋಡು ಮತ್ತ!"

ಅಷ್ಟು ಹೊತ್ತಿಗೆ ಗುಂಡ್ಯಾ ನನ್ನ ಪಾದದ ಮೇಲೆ ಗದ್ದ ಇಟ್ಟು ಗೊರಕೆ ಹೊಡೆಯುತ್ತಿದ್ದ. ಇಂಥವನನ್ನು ಹೊಲಕ್ಕೆ ಕಳಿಸುವುದೇ? ಸಾಧ್ಯವೇ ಇಲ್ಲ!

ಮರುದಿನ ಬೆಳಿಗ್ಗೆ ತರಬೇತಿ ಶುರು. ಹಾಲು ಕುಡಿಸಿ ಅಂಗಳಕ್ಕೆ ಕರೆದೊಯ್ದೆ. ಗುಂಡ್ಯಾ ಕಲ್ಲು ಮೂಸಿದ, ಕೋಳಿ ಮೂಸಿದ, ನನ್ನನ್ನೂ ಮೂಸಿದ. ಕೆಲಸ ಮಾತ್ರ ಇಲ್ಲ. ಒಳಗೆ ಬಂದವನೇ ಅಪ್ಪನ ಚಪ್ಪಲಿಯಲ್ಲಿ ಮುಗಿಸಿದ. ಸುತ್ತಮುತ್ತ ಒಂದು ಹನಿಯೂ ಬೀಳಲಿಲ್ಲ, ಎಲ್ಲಾ ಚಪ್ಪಲಿಯೊಳಗೇ! ಗುರಿ ಚೆನ್ನಾಗಿತ್ತು.

ಕೂಸುಗಳಿಗೆ ಉಚ್ಚೆ ಹೊಯ್ಯಿಸುವಾಗ ತಾಯಂದಿರು 'ಶ್ಶ್ಶ್' ಎನ್ನುತ್ತಾರಲ್ಲ, ಅದು ನೆನಪಾಯಿತು. ಅಂಗಳದ ಮೂಲೆಯಲ್ಲಿ ಗುಂಡ್ಯಾನ ಪಕ್ಕ ಕುಕ್ಕರಗಾಲಲ್ಲಿ ಕುಳಿತು 'ಶ್ಶ್ಶ್, ಶ್ಶ್ಶ್' ಎಂದು ಹಚ್ಚಿಕೊಂಡೆ. ಗೋಡೆಯ ಮೇಲಿಂದ ಪಕ್ಕದ ಮನೆಯ ಶರಣಪ್ಪ ಕಾಕಾ ಇಣುಕಿದರು. ಗುಂಡ್ಯಾ ಅವರಿಗೆ ಕಾಣಲಿಲ್ಲ. ನಾನು ಕಂಡೆ!

"ಯಾಕ ತಮ್ಮಾ, ಕಟ್ಟೇತೇನು? ನಾಚಬ್ಯಾಡ, ಎಳನೀರು ಕುಡಿ."

"ನನಗಲ್ರೀ ಕಾಕಾ, ಕುನ್ನಿಗೆ!"

"ಹಂಗ ಅನ್ನು," ಎಂದರು ಕಾಕಾ, ನಂಬದೆ.

ಗುಂಡ್ಯಾ ನನ್ನ ಬಾಯಿಯನ್ನೇ ನೋಡುತ್ತಾ ನಿಂತಿದ್ದ. ಕೊನೆಗೆ ಬಚ್ಚಲಿಗೆ ಓಡಿದವನು ನಾನೇ!

ಮತ್ತೆ ವಿಡಿಯೋ. ಕೆಲಸ ಮುಗಿಸಲು ಮರಿಗೆ ಕಾಲಡಿ ಮೆತ್ತಗಿರುವ, ನೀರು ಹೀರುವ ಹಾಸು ಬೇಕು, ಅಂಗಡಿಯಲ್ಲಿ ಸಿಗುತ್ತದೆ ಎಂದ ಚಡ್ಡಿಯವನು. ನಮ್ಮೂರಿನ ಔಷಧಿ ಅಂಗಡಿಯವರು ಕೂಸಿನ ಡೈಪರ್ ತೋರಿಸಿ, "ಬಾಲಕ್ಕ ತೂತು ನೀವ ಮಾಡ್ಕೋರಿ," ಎಂದರು. ಬೇಡವೆಂದು ಮನೆಗೆ ಬಂದು ಅಟ್ಟ ಹತ್ತಿದೆ. ಅಲ್ಲೊಂದು ಹಳೆಯ ಕರಿ ಕಂಬಳಿ ಸುರುಳಿ ಸುತ್ತಿ ಕುಳಿತಿತ್ತು. ಆಹಾ! ಮೆತ್ತಗೂ ಹೌದು, ಹೀರುವುದೂ ಹೌದು! ಒಂದು ತುಂಡು ಕತ್ತರಿಸಿ ಹಿತ್ತಲಲ್ಲಿ ಹಾಸಿದೆ.

ಗುಂಡ್ಯಾ ಮೂಸಿದ. ಸುತ್ತು ಹಾಕಿದ. ಕೂತ. ಮುಗಿಸಿಯೇಬಿಟ್ಟ!

ನಾನು ಕುಣಿದಾಡಿದೆ. ಚಪ್ಪಾಳೆ ತಟ್ಟಿ "ಶಭಾಷ್ ಗುಂಡ್ಯಾ!" ಎಂದು ಕೂಗಿ ಕಿಸೆಯಿಂದ ರೊಟ್ಟಿ ಚೂರು ಕೊಟ್ಟೆ. ಅಂದಿನಿಂದ ಇದೇ ಪದ್ಧತಿ: ಕಂಬಳಿ, ಚಪ್ಪಾಳೆ, ಶಭಾಷ್, ರೊಟ್ಟಿ. ಮನೆಯೊಳಗೆ ಒಂದು ಹನಿ ಇಲ್ಲ! ಓಣಿಯವರೆಲ್ಲ ನೋಡಲು ಬಂದರು. ಶರಣಪ್ಪ ಕಾಕಾ ಸಹ ಚಪ್ಪಾಳೆ ತಟ್ಟಿ, "ನಮ್ಮ ಮೊಮ್ಮಗನ್ನೂ ಇಲ್ಲೇ ಹಚ್ಚಲೇನು?" ಎಂದು ಕೇಳಿದರು. ನಾನು ಯೋಚಿಸಿ ಹೇಳುತ್ತೇನೆ ಎಂದೆ. ಆ ದಿನಗಳಲ್ಲಿ ನನ್ನ ನಡಿಗೆಯೇ ಬೇರೆ ಇತ್ತು.

ಅಮಾಸೆ ಬಂತು. ಮಾವ ಬಂದರು, ಹಾಲಿನಂಥ ಬಿಳಿ ಧೋತರ ಉಟ್ಟುಕೊಂಡು. ನಮ್ಮ ಕಡೆ ಹಿರಿಯರು ಬಂದರೆ ಸೋಫಾ ಇದ್ದರೂ ಅದರ ಮೇಲೆ ಕೂರಿಸುವುದು ಮರ್ಯಾದೆಯಲ್ಲ, ಕಂಬಳಿ ಹಾಸಬೇಕು. ಅವ್ವ ಟ್ರಂಕಿನಿಂದ ಹೊಸ ಕಂಬಳಿ ತೆಗೆದು ಪಡಸಾಲೆಯ ತುಂಬಾ ಹಾಸಿದಳು. ನಾನು ಅದನ್ನು ನೋಡಿದೆ. ಕಣ್ಣಿತ್ತು, ನೋಡಿದೆ. ಬುದ್ಧಿ ಮಾತ್ರ ಹಿತ್ತಲಲ್ಲಿತ್ತು.

"ಏನಪಾ ಅಳಿಯಾ, ಕುನ್ನಿಗೆ ಸಾಲಿ ಕಲಿಸೀಯಂತ?"

"ಪಾಸ್ ಆಗೇತ್ರಿ ಮಾವಾ! ಬೇಕಾದ್ರ ನೀವ ನೋಡ್ರಿ!" ಎಂದು ಗುಂಡ್ಯಾನನ್ನು ಪಡಸಾಲೆಗೆ ಬಿಟ್ಟೆ.

ಗುಂಡ್ಯಾ ಹೊಸ್ತಿಲ ಮೇಲೆ ನಿಂತುಬಿಟ್ಟ. ತನ್ನ ಆಯುಷ್ಯದಲ್ಲಿ ಅವನು ಅಷ್ಟು ದೊಡ್ಡ ಪಾಯಖಾನೆ ನೋಡಿರಲಿಲ್ಲ! ಸಂತೋಷದಿಂದ ಬಾಲ ತಿರುಗಿಸುತ್ತಾ ಓಡಿ, ಕಂಬಳಿಯ ನಟ್ಟನಡುವೆ, ಕೂತಿದ್ದ ಮಾವನ ಮೊಣಕಾಲಿಗೆ ಒತ್ತಿಕೊಂಡು, ಸುತ್ತು ಹಾಕಿ, ಕೂತ.

ಮಾವ ಧೋತರ ಎತ್ತಿಕೊಂಡು ವಯಸ್ಸಿಗೆ ಮೀರಿದ ವೇಗದಲ್ಲಿ ಎದ್ದರು. ಅವ್ವ ಲಟ್ಟಣಿಗೆ ಹಿಡಿದು ಓಡಿ ಬಂದಳು. ಗುಂಡ್ಯಾ ಮಾತ್ರ ಯಾರನ್ನೂ ನೋಡದೆ ನನ್ನತ್ತ ತಿರುಗಿ ಕಾಯುತ್ತಾ ಕುಳಿತ.

ಆಗ ನಾನು ಸುಮ್ಮನಿರಬೇಕಿತ್ತು. ಕೈ ಕೇಳಲಿಲ್ಲ, ಚಪ್ಪಾಳೆ ತಟ್ಟಿತು. ಬಾಯಿ ಕೇಳಲಿಲ್ಲ, "ಶಭಾಷ್ ಗುಂಡ್ಯಾ!" ಎಂದಿತು. ರೊಟ್ಟಿ ಚೂರು ಕಿಸೆಯಿಂದ ತಾನೇ ಹೊರಬಂತು!

"ರೊಟ್ಟಿ ಬ್ಯಾರೆ ತಿನ್ನಸ್ತೀಯೇನೋ ಖೋಡಿ!" ಅವ್ವ ಚೀರಿದಳು.

"ತಡಿ ತಂಗಿ," ಎಂದು ಮಾವ ನನ್ನನ್ನು ಹಿಡಿದು ನಿಲ್ಲಿಸಿದರು. "ಇದಕ್ಕ ಯಾವದರ ಮ್ಯಾಲೆ ಕಲಿಸಿದಿ, ಖರೇ ಹೇಳು."

ಹಿತ್ತಲಿನಿಂದ ತುಂಡು ತಂದು ತೋರಿಸಿದೆ. ಅವ್ವನ ಲಟ್ಟಣಿಗೆ ಮತ್ತೆ ಮೇಲೆದ್ದಿತು. "ಅಯ್ಯ, ಇದು ನಿಮ್ಮ ಮುತ್ಯಾನ ಕಂಬಳಿ ಅಲ್ಲೇನೋ!"

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ನಕ್ಕು ಕಣ್ಣೊರೆಸಿಕೊಂಡು ಹೇಳಿದರು: "ಕುನ್ನಿ ಭಾಳ ಶ್ಯಾಣ್ಯಾ ಐತಿ ತಂಗಿ. ಕಲಿಸಿದ್ದನ್ನ ತಪ್ಪದಂಗ ಮಾಡೇತಿ. ಅದು ಇಲ್ಲೇ ಇರ್ಲಿ. ಕಲಿಸಿದಾಂವನ್ನ ನನ್ನ ಕೂಡ ಕಳಸು. ತೊಗರಿ ಕಾಯಾಕ ಒಬ್ಬಾಂವ ಬೇಕಾಗ್ಯಾನ."

ಅವ್ವ ಒಂದು ಕ್ಷಣವೂ ಯೋಚಿಸಲಿಲ್ಲ!

ನಾನು ಹೊರಡುವ ಮೊದಲು ನನ್ನ ಕೈಯಲ್ಲೇ ಕಂಬಳಿ ತೊಳೆಸಿದಳು. ಒದ್ದೆ ಕಂಬಳಿ ಎಂದರೆ ಮಲಗಿದ ಎಮ್ಮೆ, ಎಷ್ಟು ಎಬ್ಬಿಸಿದರೂ ಏಳುವುದಿಲ್ಲ.

ಈಗ ತಾವರಗೇರಾದ ಹೊಲದಲ್ಲಿ ಕುಳಿತಿದ್ದೇನೆ. ನಿನ್ನೆ ಸಂಜೆ ಧೈರ್ಯ ಮಾಡಿ ಫೋನ್ ಹಚ್ಚಿದೆ.

"ಗುಂಡ್ಯಾ ಹೆಂಗ ಅದಾನ ಬೇ?"

"ಛಲೋ ಅದಾನ. ಈಗ ತಾನ ಬಾಗಲಾ ಕೆರೀತಾನ, ಹೊರಗ ಹೋಗಿ ಬರ್ತಾನ."

"ಯಾರ ಕಲಿಸಿದ್ರು?"

"ಕಲಿಸೂದೇನೈತಿ? ಬಾಗಲಾ ತೋರಿಸಿ ಹಚ್ಯಾ ಅಂದೆ, ಹೋದ."

ನನಗೆ ಕಣ್ಣು ತುಂಬಿ ಬಂತು. "ಸ್ಪೀಕರ್ ಹಾಕ ಬೇ, ಒಂದ ಮಾತು ಆಡ್ತೀನಿ," ಎಂದೆ. ಹಾಕಿದಳು. ಹೊಲದಲ್ಲಿದ್ದ ಹಕ್ಕಿಗಳೆಲ್ಲ ಹಾರುವಂತೆ ಕೂಗಿದೆ: "ಶಭಾಷ್ ಗುಂಡ್ಯಾ!"

ಆ ಕಡೆಯಿಂದ ಅವ್ವನ ಚೀರಾಟ: "ಇಡೋ ಫೋನು, ನಿನ್ನ ಬಾಯಿಗೆ ಮಣ್ಣ ಹಾಕ್ಲಿ! ನಿನ್ನ ದನಿ ಕೇಳಿದ ಕೂಡ್ಲೇ ನಡುಮನ್ಯಾಗ ಕೂತುಬಿಟ್ಟಾನ!"

ಏನೇ ಆಗಲಿ, ನಾನು ಒಂದು ಮಾತು ಹೇಳಿದರೆ ಕೂಡಲೇ ಮಾಡಿ ಮುಗಿಸುವ ಒಂದು ಜೀವ ಕುಷ್ಟಗಿಯಲ್ಲಿದೆ!